ತಪ್ಪು ಹೇಳಲು ಫೋನ್ ಮಾಡುತ್ತಿದ್ದ ಬಾಬಣ್ಣ

ಮೊನ್ನೆ ಸಂಜೆ ಅಗಲ್ಪಾಡಿಯ ಬಸ್ ಸ್ಟಾಪಿನಲ್ಲಿ ನಿಂತು ಮೊಬೈಲಿನ ಬಸ್ ಆಪ್ ನೋಡಿದರೆ, ಕುಂಬಳೆ ಬಸ್ಸು ಇನ್ನೇನು ಬಂತು ಎಂದಿತ್ತು. ಕಾದೆ, ಬಸ್ಸಿಲ್ಲ. ಎದುರಿನ ಅಂಗಡಿಯಾಕೆ, ಆ ಬಸ್ ನಿಂತು ಎಷ್ಟೋ ದಿನವಾಯಿತು ಎಂದು ನಕ್ಕರು. ಮೊಬೈಲಿಗೆ ಎರಡು ಬೈಯೋಣವೆಂದರೆ, ಸ್ವಾಮಿ, ಆ ಆಪ್ ಮಾಡಿದವಳೇ ನಾನು.

ಗಡಿಯಾಚೆಯ ನಮ್ಮ ಕಡೆ ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ. ಅದನ್ನು ಓದಲಾಗದೆ ನನ್ನ ಅಮ್ಮ ಬಸ್ಸು ಬಂದಾಗಲೆಲ್ಲ ಪಕ್ಕದವರ ಮುಖ ನೋಡುತ್ತಿದ್ದರು. ಅವರಿಗಾಗಿ ಬಸ್ಸಿನ ವೇಳೆಯನ್ನು ಕನ್ನಡದಲ್ಲಿ ತೋರಿಸುವ ಆಪ್ ಮಾಡಿದೆ. ಅಮ್ಮ ಹೋದರು, ಆಪ್ ಉಳಿಯಿತು. ಅದು ಸ್ವತಂತ್ರ ತಂತ್ರಾಂಶ. ದುಡ್ಡಿಲ್ಲ, ಜಾಹೀರಾತಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು. ತಿದ್ದಲು ಈ ತನಕ ಒಬ್ಬರೂ ಬಂದಿಲ್ಲ. ಬೈಯಲು ಬೇಕಾದಷ್ಟು ಜನ.

'ದಂಡ ಆಪ್' ಎಂದು ಒಬ್ಬರು ಬರೆದರು. ಎಂತ ದಂಡ, ಎಲ್ಲಿ ದಂಡ, ಒಂದೂ ಬರೆದಿಲ್ಲ. ಇನ್ನೊಬ್ಬರು ಮೊದಲು ಕಲಿತು ಬನ್ನಿ ಎಂದರು. ಯಾರದಾದರೂ ಮನೆಯ ಊಟಕ್ಕೆ ಹೋದಾಗ ಸಾರಿಗೆ ಉಪ್ಪು ಕಡಿಮೆಯಾದರೆ ನಾವು ಪಂಕ್ತಿಯಲ್ಲಿ ಕೂತು ಕೂಗುವುದಿಲ್ಲ. ಕೈತೊಳೆದ ಮೇಲೆ ಅಡುಗೆಯವರ ಹತ್ತಿರ ಹೋಗಿ, ಪಾಯಸ ಒಳ್ಳೆಯದಿತ್ತು, ಸಾರಿಗೆ ಮಾತ್ರ ಒಂಚೂರು ಉಪ್ಪು ಬೇಕಿತ್ತೋ ಏನೋ ಎನ್ನುತ್ತೇವೆ. ಅದೇ ಜನ ಮೊಬೈಲ್ ಹಿಡಿದರೆ ಎಲೆಯನ್ನೇ ಎತ್ತಿ ಎಸೆಯುತ್ತಾರೆ.

ಬಾಬಣ್ಣ ಹಾಗಲ್ಲ. ಮೊಗ್ರಾಲಿನವರು. ಬಹಳ ಕಾಲ ಗಲ್ಫಿನಲ್ಲಿದ್ದು ಬಂದು, ಕುಂಬಳೆಯಲ್ಲಿ ಬಸ್ಸು ನಿಲ್ಲುವಲ್ಲೇ ಟೈಲರ್ ಅಂಗಡಿ ಇಟ್ಟವರು. ನಾನು ಅವರನ್ನು ನೋಡಿದ್ದೇ ಇಲ್ಲ. ಆಪ್‌ನಲ್ಲಿದ್ದ ನನ್ನ ನಂಬರ್ ನೋಡಿ ಫೋನ್ ಮಾಡಿದ್ದರು. ಮೊದಲು, ಊಟ ಆಯ್ತಾ ಅಕ್ಕ ಎಂದು ಕೇಳಿದರು. ಆಮೇಲೆ, ಆಪ್‌ನಿಂದ ತುಂಬ ಉಪಕಾರ ಉಂಟು ಎಂದರು. ಕೊನೆಗೆ ಎಲ್ಲಿ ನಿಂತಿದ್ದೆ, ಎಂತ ಒತ್ತಿದೆ, ಎಂತ ಬಂತು, ಎಂತ ಬರಬೇಕಿತ್ತು ಎಂದು ಬಟ್ಟೆಗೆ ಅಳತೆ ತೆಗೆದ ಹಾಗೆ ಹೇಳಿದರು. ತಪ್ಪು ತನ್ನ ಮೊಬೈಲಿನದ್ದೂ ಇರಬಹುದು ಎಂದು ಸೇರಿಸಿದರು. ತಪ್ಪು ನನ್ನದೇ. ಅಂದೇ ಸರಿ ಮಾಡಿದೆ.

ಆಮೇಲೆ ಅವರ ಫೋನ್ ಬರುತ್ತಲೇ ಇತ್ತು. ಭಾನುವಾರ ಓಡದ ಬಸ್ಸು, ಎರಡು ಸಲ ಕಾಣುವ ಸ್ಟಾಪು, ಹೀಗೆ. ತಪ್ಪಿನ ಮಾತು ಮುಗಿದ ಮೇಲೆ ಬೇರೆ ಮಾತೂ ಒಂದಿಷ್ಟು ಬರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ, ಬಸ್ಸು ಲೇಟಾಯಿತು ಎಂದು ಹೇಳಿಕೊಳ್ಳಲೂ ಮನೆಯಲ್ಲಿ ಜನ ಇಲ್ಲ ಎಂದಿದ್ದರು ಒಮ್ಮೆ. ನನ್ನ ಮನೆಯಲ್ಲೂ ಇಲ್ಲ ಎಂದು ನಾನು ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಮಾತ್ರ ಒಬ್ಬಳೇ ಕೂತು ಹುರುಪಿನಿಂದ ಕೋಡ್ ತಿದ್ದುತ್ತಿದ್ದೆ. ಎಂಥ ಮಂಡೆ ನೋಡಿ ನನ್ನದು! ಒಂದೊಂದು ತಪ್ಪು ಸರಿಮಾಡಿದಾಗಲೂ ಅವರು ಫೋನ್ ಮಾಡುವ ಒಂದೊಂದು ಕಾರಣವನ್ನು ನಾನೇ ಅಳಿಸುತ್ತಿದ್ದೆ.

ಕೊನೆಯ ಸಲ, ಈಗ ಎಲ್ಲ ಸರಿ ಉಂಟು ಅಕ್ಕ, ಹೇಳಲಿಕ್ಕೆ ಎಂತದೂ ಇಲ್ಲ ಎಂದರು. ಸಂತೋಷ ಎಂದೆ. ಸಂತೋಷವೇನೂ ಆಗಿರಲಿಲ್ಲ. ಮಳೆಗಾಲ ಕಳೆಯಿತು, ಫೋನ್ ಇಲ್ಲ. ನಾನೇ ಮಾಡಬಹುದಿತ್ತು. ತಪ್ಪು ಹೇಳಲು ಹೇಗೆ ಮಾತು ತೆಗೆಯಬೇಕೆಂದು ಅವರಿಂದ ಕಲಿತಿದ್ದೆ. ಹೇಳಲು ಏನೂ ಇಲ್ಲದಿದ್ದಾಗ ಹೇಗೆ ತೆಗೆಯುವುದು?

ಮೊನ್ನೆಯಂತೂ ಕಾರಣ ಇತ್ತು. ಆ ಬಸ್ ಸ್ಟಾಪಿನಿಂದಲೇ ಬಾಬಣ್ಣನಿಗೆ ಫೋನ್ ಮಾಡಿ, ಎಲ್ಲಿ ನಿಂತಿದ್ದೇನೆ, ಎಂತ ಒತ್ತಿದೆ, ಎಂತ ಬಂತು ಎಂದು ಅವರ ಕ್ರಮದಲ್ಲೇ ಹೇಳಿದೆ. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಗೊತ್ತುಂಟು ಅಕ್ಕ," ಎಂದರು. "ಆ ಬಸ್ಸು ಇಲ್ಲಿಗೂ ಬರುದಿಲ್ಲ."

"ಮತ್ತೆ ಹೇಳಲಿಲ್ಲ ಯಾಕೆ?"



"ಅದೊಂದೇ ಉಳಿದದ್ದು. ಹೇಳಿದರೆ ನೀವು ಅದನ್ನೂ ಸರಿ ಮಾಡಿಬಿಡ್ತೀರಿ. ಮತ್ತೆ ನಾನು ಎಂತ ಹೇಳಿ ಫೋನ್ ಮಾಡುದು?"

ಸರಿಯಂತೂ ಮಾಡಲೇಬೇಕು, ಇನ್ನೊಬ್ಬರು ಹೀಗೆ ಕಾಯಬಾರದಲ್ಲ. ಇವತ್ತೇ ಮಾಡುತ್ತೇನೆ ಎಂದೆ. ಅವರು ಹ್ಞೂಂ ಎಂದರು, ಫೋನ್ ಇಡಲು ಹೊರಟವರ ಹಾಗೆ.

ಬಸ್ಸು ಹೇಗೂ ಬರುವುದಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು, "ಊಟ ಆಯ್ತಾ ಬಾಬಣ್ಣ?" ಎಂದು ಕೇಳಿದೆ.