ಮೀಸಲು ಒಲೆಯ ಮುಂದೆ

ನಮ್ಮ ಮನೆಯಲ್ಲಿ ಸೋಮವಾರದ ಮೀಸಲು ಅಡುಗೆಯನ್ನು ಮುಟ್ಟು ನಿಂತ ಹೆಂಗಸೇ ಮಾಡಬೇಕು. ಚಳ್ಳಕೆರೆ ಸೀಮೆಯ ಬೇರೆ ಮನೆಗಳ ಮಾತು ನನಗೆ ಗೊತ್ತಿಲ್ಲ, ನಾನು ಸೊಸೆಯಾಗಿ ಬಂದ ಮನೆಯ ಕಟ್ಟಳೆ ಇದು. ಅದಕ್ಕೆಂದೇ ಬೇರೆ ಒಲೆ, ಬೇರೆ ಹಿತ್ತಾಳೆ ಪಾತ್ರೆ. ನವಣಕ್ಕಿ ಅನ್ನ, ಬೆಲ್ಲ, ತುಪ್ಪ ಮನೆದೇವರಿಗೆ ಎಡೆಯಾಗುವ ತನಕ ಯಾರೂ ಆ ಕಡೆ ಸುಳಿಯುವಂತಿಲ್ಲ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮುಟ್ಟಾಯಿತೆಂದು ನಮ್ಮವ್ವ ಮಗ್ಗದ ಕೆಲಸ ಬಿಟ್ಟು ಎದ್ದಿದ್ದರೆ ಸೀರೆಯೂ ಮುಗಿಯುತ್ತಿರಲಿಲ್ಲ, ನಮ್ಮ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹಾಗಾಗಿ ಈ ಮಡಿ ಮೈಲಿಗೆ ನೋಡಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು.

ಅತ್ತೆಗೆ ಮಾತ್ರ ಆ ಒಲೆಯೆಂದರೆ ಜೀವ. ಮದುವೆಯಾಗಿ ಬಂದಾಗಿನಿಂದ ತಿಂಗಳು ತಿಂಗಳೂ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ಕೂತವರು ಅವರು, ಊಟವನ್ನು ದೂರದಿಂದ ಹಾಕಿಸಿಕೊಂಡವರು. ಮುಟ್ಟು ನಿಂತ ಮೇಲೆ ಅವರ ಅತ್ತೆ ಮೀಸಲು ಒಲೆಯನ್ನು ಬಿಟ್ಟುಕೊಟ್ಟರಂತೆ. ವಾರವೆಲ್ಲ ಮಾವನ ಮುಂದೆ ತಲೆ ತಗ್ಗಿಸುತ್ತಿದ್ದವರು ಸೋಮವಾರ ಮಾತ್ರ, "ಆ ಕಡೆ ಸರೀರಿ, ನೆರಳು ಬೀಳ್ತೈತೆ" ಎಂದು ಗದರಿಸುತ್ತಿದ್ದರು. ಮಾವ ಬಾಯಿ ಮುಚ್ಚಿಕೊಂಡು ಸರಿಯುತ್ತಿದ್ದರು. ನಾನೂ ನನ್ನ ವಾರಗಿತ್ತಿಯೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆವು.

ಮೊಳಕಾಲ್ಮೂರಿನಲ್ಲಿ ಹೆಂಗಸರಿಗೆ ಕ್ಯಾನ್ಸರ್ ತಪಾಸಣೆಯ ಕ್ಯಾಂಪ್ ಇದೆ ಎಂದು ಆಶಾ ಕಾರ್ಯಕರ್ತೆ ಬಂದು ಹೇಳಿದಾಗ ನಾವಿಬ್ಬರೂ ಹಿಂದೇಟು ಹಾಕಿದೆವು. ಏನೂ ಇಲ್ಲದೆ ಯಾಕೆ ಹೋಗಿ ಮಲಗಿ ತೋರಿಸಬೇಕು ಎಂದು ವಾರಗಿತ್ತಿ ಗೊಣಗಿದಳು. ಹೊರಡಿಸಿದವರು ಅತ್ತೆಯೇ. "ಬಂದ ಮೇಲೆ ಅಳೋದಕ್ಕಿಂತ ಬರೋಕ್ಮುಂಚೆ ನೋಡಿಸ್ಕೊಳ್ರೇ. ನಾನೇ ಕರ್ಕೊಂಡು ಹೋಗ್ತೀನಿ" ಎಂದು ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಸೊಂಟ ಹಿಡಿದುಕೊಂಡೇ ಕೂತಿದ್ದರು. ಕೇಳಿದರೆ ಶೇಂಗಾ ಕಿತ್ತ ನೋವು ಅಂದರು.

ಶಾಲೆಯ ಒಂದು ಕೋಣೆಗೆ ಪರದೆ ಕಟ್ಟಿ ಒಳಗೆ ಮೇಜು ಹಾಕಿದ್ದರು. ಕಡ್ಡಿಗೆ ಹತ್ತಿ ಸುತ್ತಿ, ಹುಳಿ ವಾಸನೆಯ ಔಷಧಿ ಹಚ್ಚಿ, ಗರ್ಭಕೋಶದ ಬಾಯಿಯನ್ನು ದೀಪ ಹಿಡಿದು ನೋಡುವುದು, ಅಷ್ಟೇ. ಒಲೆ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯುವುದಿಲ್ಲ. ಅತ್ತೆ ಹೊರಗಿನ ಬೆಂಚಿನ ಮೇಲೆ ನಮ್ಮ ಚೀಲ, ಚಪ್ಪಲಿ, ವಾರಗಿತ್ತಿಯ ಕೂಸು ಎಲ್ಲ ನೋಡಿಕೊಂಡು ಕೂತಿದ್ದರು. ನರ್ಸಮ್ಮ ಅವರನ್ನೂ ಕರೆದಳು.

"ನಂದೆಲ್ಲ ನಿಂತು ಎಷ್ಟೋ ವರ್ಷ ಆತು ತಾಯಿ. ಬೀಗ ಹಾಕಿದ ಮನೇಲಿ ಏನು ಹುಡುಕ್ತೀಯ?" ಎಂದರು ಅತ್ತೆ. ಕೂತವರೆಲ್ಲ ನಕ್ಕರು.

"ಬೀಗ ಹಾಕಿದ ಮನೇಲೇ ಇಲಿ ಸೇರೋದು ಕಣಜ್ಜಿ, ಬರ್ರಿ" ಎಂದಳು ನರ್ಸಮ್ಮ.

ಅತ್ತೆ ಎದ್ದರು. ಕೂಸನ್ನು ನನ್ನ ಕೈಗೆ ಕೊಟ್ಟು ಬಾಗಿಲ ತನಕ ಹೋದರು. ಅಲ್ಲಿ ನಿಂತು, ದನಿ ತಗ್ಗಿಸಿ, "ನೋಡಿದ್ರೆ ಎಲ್ಲಾ ಗೊತ್ತಾಗ್ತೈತೇನವ್ವ?" ಎಂದು ಕೇಳಿದರು.

"ಎಲ್ಲಾ ಗೊತ್ತಾಗುತ್ತೆ, ಹೆದರಬ್ಯಾಡ್ರಿ" ಎಂದಳು ಆಕೆ, ಧೈರ್ಯ ಹೇಳಲೆಂದೇ.

ಅತ್ತೆ ತಿರುಗಿ ಬಂದು ಬೆಂಚಿನ ಮೇಲೆ ಕೂತರು. ವಯಸ್ಸಾದವರ ನಾಚಿಕೆ ಎಂದುಕೊಂಡು ನಾವು ಒತ್ತಾಯಿಸಲಿಲ್ಲ.

ಆ ದಿನ ನನ್ನಲ್ಲಿ ಒಂದು ಬಿಳಿ ಕಲೆ ಕಂಡಿತು. ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು ಎಂದರು. ಚಿತ್ರದುರ್ಗಕ್ಕೆ ಹೋಗಿ, ಆ ಜಾಗಕ್ಕೆ ತಣ್ಣನೆಯ ಗಾಳಿಯಂಥದ್ದು ಬಿಡಿಸಿಕೊಂಡು, ಸಂಜೆಯ ಬಸ್ಸಿಗೆ ಮನೆಗೆ ಬಂದು ಮುದ್ದೆ ತಿರುವಿದೆ. ನಾನು ಬದುಕಿರುವುದು ಅತ್ತೆಯ ಹಟದಿಂದ.

ಅದಾದ ಮೇಲೊಂದು ಸೋಮವಾರ ಅವರು ಬಚ್ಚಲಲ್ಲಿ ಬಿದ್ದರು. ಎತ್ತಲು ಹೋದ ನನಗೆ ಸೀರೆಯೆಲ್ಲ ರಕ್ತ ಕಂಡಿತು. ಚಳ್ಳಕೆರೆಯಲ್ಲಿ ನೋಡಿ ದಾವಣಗೆರೆಗೆ ಕಳಿಸಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಮೂತ್ರದ ಚೀಲದವರೆಗೂ ಹಬ್ಬಿದೆ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದರು. ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ಕೇಳಿದಾಗ ಅತ್ತೆ ನನ್ನ ಮುಖ ನೋಡದೆ, "ಕ್ಯಾಂಪಿಗೆ ಹೋದೆವಲ್ಲ, ಅದಕ್ಕೂ ಮುಂಚಿಂದ" ಎಂದರು.

ಮತ್ತೆ ಮುಟ್ಟು ಬಂತೆಂದೇ ಅವರು ತಿಳಿದಿದ್ದರು. ಉಷ್ಣಕ್ಕೆ ಹೀಗಾಗಿದೆ ಎಂದು ಜೀರಿಗೆ ನೀರು ಕುಡಿದರು. ಮನೆಯವರಿಗೆ ಗೊತ್ತಾದರೆ ಮೀಸಲು ಒಲೆ ಬಿಟ್ಟು, ಈ ವಯಸ್ಸಿನಲ್ಲಿ ಮತ್ತೆ ಚಪ್ಪರಕ್ಕೆ ಹೋಗಿ ಕೂರಬೇಕು. ಅದಕ್ಕೇ ಬಟ್ಟೆಯನ್ನು ಯಾರೂ ಏಳುವ ಮೊದಲೇ ಒಗೆದು ಹುಲ್ಲಿನ ಬಣವೆಯ ಹಿಂದೆ ಒಣಗಿಸಿಕೊಂಡರು. ಕಟ್ಟಳೆ ಮಾಡಿದವರನ್ನು ಹಿಡಿದು ಕೇಳೋಣವೆಂದರೆ ಅವರೆಲ್ಲ ಸತ್ತು ಮಣ್ಣಾಗಿದ್ದಾರೆ.

ಬದುಕಿದ್ದವರು ಮಾಡಿದ್ದೇನೂ ಕಡಿಮೆಯಲ್ಲ. ದಾವಣಗೆರೆಯಲ್ಲಿ ಕ್ಯಾನ್ಸರ್ ಸುಡುವ ಕರೆಂಟು ಕೊಡಿಸಿ, ಸುಣ್ಣದಂತೆ ಬಿಳಿಚಿಕೊಂಡಿದ್ದ ಅತ್ತೆಯನ್ನು ಮನೆಗೆ ಕರೆತಂದ ವಾರವೇ, ಮಾವ ಮೀಸಲು ಒಲೆಯನ್ನು ಒಡೆಸಿದರು. ಮುಟ್ಟಾದ ಕೈಯಲ್ಲಿ ಎಡೆ ಮಾಡಿದ್ದಕ್ಕೇ ದೇವರು ಹೀಗೆ ಮಾಡಿದ ಎಂದು ನಡುಮನೆಯಲ್ಲಿ ನಿಂತು ಹೇಳಿದರು. ಒಳಗೆ ಮಲಗಿದ್ದ ಅತ್ತೆಗೆ ಗುದ್ದಲಿಯ ಪೆಟ್ಟು ಒಂದೊಂದೂ ಕೇಳುತ್ತಿತ್ತು. "ರಕ್ತ ಬಂದಿದ್ದಕ್ಕೆ ರೋಗ ಬರಲಿಲ್ಲ ಮಾವ, ರೋಗ ಬಂದಿದ್ದಕ್ಕೆ ರಕ್ತ ಬಂತು" ಎಂದು ನಾನು ಕಿರುಚಿದೆ. "ಓದಿದೋಳು ನೀನು, ಮಾತಾಡ್ತೀಯ" ಎಂದು ಅವರು ಹೊರಗೆ ಹೋದರು. ಕೆಟ್ಟವರಲ್ಲ ಅವರು, ರಾತ್ರಿಯೆಲ್ಲ ಹೆಂಡತಿಯ ಕಾಲು ಒತ್ತುತ್ತಿದ್ದರು. ಆದರೂ ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅತ್ತೆಯೂ ಅದನ್ನೇ ನಂಬಿದ್ದರು. ನೋವಿಗೆ ಹಲ್ಲು ಕಚ್ಚಿ, ಇದು ನನಗೆ ಆಗಬೇಕಾದದ್ದೇ ಎನ್ನುತ್ತಿದ್ದರು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, ಬಟ್ಟೆ ಬದಲಿಸುತ್ತಿದ್ದ ನನ್ನ ಕೈ ಹಿಡಿದುಕೊಂಡರು.

"ನಾನು ಮುಟ್ಟಾಗಿ ಎಡೆ ಮಾಡಿದ್ದು ದೇವ್ರಿಗೆ ಗೊತ್ತಿತ್ತೇನೇ?"

ದೇವರ ಮನಸ್ಸು ನನಗೇನು ಗೊತ್ತು? ಆದರೂ ಹೇಳಿದೆ: "ಗೊತ್ತಿತ್ತು ಅತ್ತೆ. ಗೊತ್ತಿದ್ದೇ ಉಂಡ."

ಅವರು ನನ್ನ ಕೈ ಬಿಟ್ಟು, "ಹಂಗಾದ್ರೆ ಆವತ್ತು ಕ್ಯಾಂಪಲ್ಲಿ ನಾನೂ ಒಳಕ್ಕೆ ಹೋಗಬಹುದಿತ್ತಲ್ಲೇ" ಎಂದರು.