ಕಚೇರಿ ಮದುವೆಗೆ ಅಮ್ಮನ ತಕರಾರು

ಎಂಬತ್ತರ ದಶಕದಲ್ಲಿ, ನಾಗಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ಮದುವೆ ಆಯಿತು. ಹುಡುಗ ಪಕ್ಕದ ಊರು ಕಾಮಠಿಯ ಕ್ರೈಸ್ತ. ನಾವು ನಾಗಪುರದಲ್ಲೇ ಬಜಾಜ್ ನಗರದಲ್ಲಿದ್ದ ಮೈಸೂರು ಕಡೆಯವರು. ಇಬ್ಬರೂ ಅವರವರ ಧರ್ಮ ಬಿಡದೆ ಮದುವೆಯಾಗಬಹುದು ಅಂತ ಕಾನೂನು ಒಪ್ಪಿತ್ತು. ಅಮ್ಮ ಒಪ್ಪಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಅವಳೇ ಹೈಕೋರ್ಟು. "ನಾನು ಬರಲ್ಲ, ಕರೀಲೂ ಬೇಡ" ಅಂತ ತೀರ್ಪು ಕೊಟ್ಟು ಅಡುಗೆಮನೆ ಸೇರಿದ್ದಳು. ನನಗೋ ಅವನೂ ಬೇಕು, ಅಮ್ಮನೂ ಬೇಕು.

ಕಚೇರಿಯವರು ಶುಕ್ರವಾರ ಹನ್ನೊಂದಕ್ಕೆ ಬನ್ನಿ ಅಂದರು. ಲಕ್ಷ್ಮಿಯ ವಾರ ಅಂತ ಅಡುಗೆಮನೆಗೆ ಕೇಳುವ ಹಾಗೆ ಕುಣಿದಾಡಿಬಿಟ್ಟೆ. ಅಂದು ರೇಷ್ಮೆ ಸೀರೆಯುಟ್ಟು ಅವನ ಸ್ಕೂಟರ್ ಏರಿದಾಗ ಸುಮ್ಮಸುಮ್ಮನೆ ನಗು. ಸಾಕ್ಷಿಗೆ ಅವನ ಮೂವರು ಗೆಳೆಯರು ಆಗಲೇ ಬಂದು ನಿಂತಿದ್ದರು.

ಅಧಿಕಾರಿ ಕನ್ನಡಕ ಏರಿಸಿ "ಚಲೋ" ಅಂದದ್ದೇ ತಡ, ಬಾಗಿಲಲ್ಲಿ ಅಮ್ಮ! ಏದುಸಿರು ಬಿಡುತ್ತಿದ್ದಳು.

"ಸಾಹೇಬ್, ಠಹರೋ! ಮೇರಾ ತಕರಾರ್ ಹೈ!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡೆ.

"ಧರ್ಮ ಬೇರೆ ಅನ್ನೋದು ತಕರಾರಾಗಲ್ಲ, ಮಾತಾಜಿ" ಅಂದರು ಅಧಿಕಾರಿ.

"ಧರ್ಮದ ಮಾತು ಯಾರೆತ್ತಿದ್ರು?" ಅಮ್ಮ ಹರಕು ಹಿಂದಿಯಲ್ಲೇ ಹಾರಿಬಿದ್ದಳು. "ಹನ್ನೆರಡರವರೆಗೆ ರಾಹುಕಾಲ!" ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅವನನ್ನೇ ಮಾಡ್ಕೋತೀನಿ ಅಂದ್ರೆ ಮಾಡ್ಕೊ. ರಾಹುಕಾಲದಲ್ಲಿ ಯಾಕೇ ಮಾಡ್ಕೋತೀಯ? ಬುದ್ಧಿ ಎಲ್ಲಿಟ್ಟಿದ್ದೀಯೇ?"

ನಾಗಪುರದ ಕಡೆಯವರಾದ ಅಧಿಕಾರಿಗೆ ರಾಹುಕಾಲ ಗೊತ್ತಿಲ್ಲ. ನನ್ನ ಹುಡುಗ ಗಂಭೀರವಾಗಿ ವಿವರಿಸಿದ: "ಇವರಲ್ಲಿ ಅದು ಊಟದ ಬಿಡುವಿದ್ದ ಹಾಗೆ, ಸಾಹೇಬ್. ಆಗ ಶುಭಕಾರ್ಯ ಬಂದ್."

ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. "ಅವರವರ ನಂಬಿಕೆ ಅವರವರಿಗೆ ಅಂತ ಸಂವಿಧಾನವೇ ಹೇಳಿದೆ. ಹನ್ನೆರಡಾದ ಮೇಲೇ ಮಾಡೋಣ."

ಜಗಲಿಯಲ್ಲಿ ಸಾಲಾಗಿ ಕೂತೆವು. ಅಮ್ಮ ಅವನ ಪಕ್ಕದಲ್ಲೇ ಕೂತು ಗಡಿಯಾರ ಕಾಯುತ್ತಿದ್ದಳು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಅಷ್ಟರಲ್ಲಿ ಸಾಕ್ಷಿಗೆ ಬಂದ ಮೂವರಲ್ಲಿ ವಾಯುಪಡೆಯಲ್ಲಿದ್ದ ಗೆಳೆಯ ಡ್ಯೂಟಿಗೆ ಹೊತ್ತಾಯಿತೆಂದು ಓಡಿದ. ಹನ್ನೆರಡು ದಾಟಿ ಒಳಗೆ ಹೋದಾಗ ಅಧಿಕಾರಿ ಕೇಳಿದರು: "ಮೂರನೇ ಸಾಕ್ಷಿ ಎಲ್ಲಿ?"

ಬೀದಿಯಲ್ಲಿ ಯಾರಾದರೂ ಸಿಕ್ಕಾರೇನೋ ಅಂತ ನನ್ನ ಹುಡುಗ ಬಾಗಿಲ ಕಡೆ ಹೊರಟ.

"ಇಲ್ಲಿ ನಿಂತಿರೋ ನಾನೇನು ಕಂಬಾನ?" ಅಂತ ಅಮ್ಮ ಪೆನ್ನು ಕಿತ್ತುಕೊಂಡಳು. ಕನ್ನಡದಲ್ಲಿ ಸಹಿ ಹಾಕಿ ನನ್ನನ್ನು ದುರುಗುಟ್ಟಿ ನೋಡಿದಳು. "ಸಾಕ್ಷಿ ಅಂದ್ರೆ ಒಪ್ಪಿದ್ದೀನಿ ಅಂತಲ್ಲ. ನೋಡಿದ್ದೀನಿ ಅಂತ, ಅಷ್ಟೇ."

ಹಾಗೆಂದವಳೇ, ಮನೆಯಿಂದಲೇ ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದ ಅಕ್ಷತೆಯ ಗಂಟು ಬಿಚ್ಚಿ ನಮ್ಮಿಬ್ಬರ ತಲೆಯ ಮೇಲೂ ಹಾಕಿದಳು.