ಏಳನೇ ಕ್ಲಾಸಿನವನ ದಿನಗೂಲಿ

ನಾನು ಓದು ನಿಲ್ಲಿಸಿದ್ದು ೧೯೭೪ರಲ್ಲಿ, ಏಳನೇ ಕ್ಲಾಸಿಗೆ. ಬೇತಮಂಗಲದ ಕಡೆಯ ನಮ್ಮ ಹಳ್ಳಿಯಿಂದ ಕೋರಮಂಡಲ್ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಿಗೆ ಹಾಲು ಮುಟ್ಟಿಸಬೇಕಾದ ಹೊತ್ತೂ ಸ್ಕೂಲಿನ ಗಂಟೆ ಹೊಡೆಯುವ ಹೊತ್ತೂ ಒಂದೇ ಆಗಿತ್ತು. ಹಾಲು ಕೆಡುತ್ತದೆ, ಪಾಠ ಕೆಡುವುದಿಲ್ಲ ಎಂದು ನಮ್ಮಪ್ಪ ತೀರ್ಮಾನಿಸಿದರು. ಮನೆಯಲ್ಲಿ ಕನ್ನಡ, ಊರಲ್ಲಿ ತೆಲುಗು, ಲೈನಿನಲ್ಲಿ ತಮಿಳು. ಮೂರರಲ್ಲೂ ಹಾಲಿನ ಬಾಕಿ ವಸೂಲಿ ಮಾಡಬಲ್ಲೆ. ಇದಕ್ಕಿಂತ ಕಷ್ಟದ ಭಾಷಾ ಪರೀಕ್ಷೆ ಯಾವ ಕಾಲೇಜಿನಲ್ಲೂ ಇದ್ದಂತಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಒಬ್ಬ ಪ್ರೊಫೆಸರ್ ಬಂದರು. ಕಾರ್ಮಿಕರ ಕೂಲಿ ಯಾವುದರಿಂದ ನಿರ್ಧಾರವಾಗುತ್ತದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಕೊಡುವವನಿಂದ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೆ ಅಷ್ಟಕ್ಕೇ ಮುಗಿಸಿಬಿಟ್ಟರೆ ಜೀಪೂ ಲಾಡ್ಜಿನ ರೂಮೂ ಸಿಗುವುದಿಲ್ಲವಲ್ಲ. ಅವರಿಗೆ ತಮಿಳು ಬಾರದು, ದುಭಾಷಿಯಾಗಿ ಬಾ ಎಂದು ನನ್ನನ್ನು ಕರೆದರು. ಹಾಲು ಹಾಕಿದ ಮೇಲೆ ನಾನು ಬಿಡುವಾಗಿರುತ್ತಿದ್ದೆ, ಒಪ್ಪಿಕೊಂಡೆ. ಬಂಗಾರಪೇಟೆಯ ಒಬ್ಬ ಬಿ.ಎ. ಪಾಸಾದವನನ್ನೂ ಸೇರಿಸಿಕೊಂಡಿದ್ದರು. ತಮಿಳು ಅವನಿಗೂ ಬಾರದು. ನಾನು ಕೇಳಬೇಕು, ನಾನೇ ಕನ್ನಡದಲ್ಲಿ ಹೇಳಬೇಕು, ಅವನು ಬರೆದುಕೊಳ್ಳಬೇಕು.

ಪ್ರೊಫೆಸರ್ ಬಹಳ ಒಳ್ಳೆಯವರು. ಶಿಫ್ಟ್ ಮುಗಿಸಿ ಬಂದವನನ್ನು ಹೆಂಡತಿಯ ಎದುರಿಗೇ ಕೂರಿಸಿ ಸಂಬಳ ಕೇಳುವಷ್ಟು ಒಳ್ಳೆಯವರು. ಅವನು ಇಷ್ಟು ವರ್ಷ ಹೆಂಡತಿಗೆ ಹೇಳಿಕೊಂಡು ಬಂದ ಸಂಬಳವನ್ನೇ ನಮಗೂ ಹೇಳುತ್ತಿದ್ದ. ಸಾರಾಯಿ ಅಂಗಡಿಯ ಪಾಲು ಅದರಲ್ಲಿ ಸೇರುತ್ತಿರಲಿಲ್ಲ. ಮಗನಿಗೆ ಹೆಣ್ಣು ಕೊಡುವವರು ಜಗಲಿಯಲ್ಲಿ ಕೂತಿದ್ದರೆ ಮಾತ್ರ ಅದೇ ಸಂಬಳ ಇದ್ದಕ್ಕಿದ್ದಂತೆ ಮೇಲೇರುತ್ತಿತ್ತು. ಎರಡನ್ನೂ ನಾನು ನಿಷ್ಠೆಯಿಂದ ಕನ್ನಡಕ್ಕೆ ತಂದೆ. ಬಿ.ಎ. ಅವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ.

ಮೊದಲ ಶನಿವಾರ ಬಟವಾಡೆ ಆಯಿತು. ನನಗೆ ದಿನಕ್ಕೆ ಹದಿನೈದು ರೂಪಾಯಿ, ಅವನಿಗೆ ಮೂವತ್ತು. ಏಕೆಂದು ಕೇಳಿದೆ. ಪ್ರೊಫೆಸರ್ ಬೇಸರಪಡದೆ ಬಿಡಿಸಿ ಹೇಳಿದರು: ಓದು ಹೆಚ್ಚಿದಂತೆ ಕೂಲಿ ಹೆಚ್ಚುತ್ತದೆ, ಇದು ತಾವು ಮಾಡಿದ್ದಲ್ಲ, ಪ್ರಪಂಚದಲ್ಲೆಲ್ಲ ಹೀಗೇ.

“ನಾನು ಬಾಯಿ ಬಿಡ್ದಿದ್ರೆ ಇವ್ರು ಏನ್ ಬರೀತಾರೆ ಸಾರ್?” ಎಂದೆ.

“ಅದು ಬೇರೆ ವಿಷಯಪ್ಪ” ಎಂದರು. ಕೂಲಿಯ ಸಂಶೋಧನೆಯಲ್ಲಿ ಕೆಲಸ ಯಾರು ಮಾಡುತ್ತಾರೆ ಎಂಬುದು ಬೇರೆ ವಿಷಯ ಎಂದು ಅವತ್ತು ತಿಳಿದುಕೊಂಡೆ. ಬಿ.ಎ. ಪೆನ್ನಿಗೆ ಕ್ಯಾಪು ಹಾಕಿ ಆಕಾಶ ನೋಡುತ್ತಿದ್ದ. ಹಣ ತೆಗೆದುಕೊಂಡೆ. ಇನ್ನೊಂದು ವಾರ ನೋಡುವುದು, ಸರಿಸಮ ಕೊಡದಿದ್ದರೆ ಬಿಡುವುದು ಎಂದುಕೊಂಡೆ.

ಸೋಮವಾರ ಕೋರಮಂಡಲ್‌ನಲ್ಲಿ ನನ್ನಿಂದ ಮೊದಲಿನಿಂದಲೂ ಹಾಲು ಕೊಳ್ಳುತ್ತಿದ್ದ ಮುದುಕಿಯ ಮನೆಗೆ ಹೋದೆವು. ಲೈನಿನಲ್ಲಿ ಒಂದು ಪದ್ಧತಿ ಇತ್ತು: ಇನ್ನೊಬ್ಬರ ಸಂಬಳ ಕೇಳಿದವನು ತನ್ನದನ್ನೂ ಹೇಳಬೇಕು. ಮುದುಕಿ ಗಂಡನ ಸಂಬಳ, ಮಗನ ಸಂಬಳ ಎಲ್ಲ ಹೇಳಿ ಮುಗಿಸಿ, ಪ್ರೊಫೆಸರಿಗೂ ಅರ್ಥವಾಗಲಿ ಎಂದು ತನ್ನ ಅರೆಬರೆ ಕನ್ನಡದಲ್ಲೇ ಕೇಳಿದಳು:

“ನಮ್ದೆಲ್ಲಾ ಬರ್ಕೊಂಡ್ರಿ. ನಿಂಗೆಷ್ಟು ಕೊಡ್ತಾರೆ ತಂಬಿ, ಈ ದೊರೆ?”

ಎರಡೂ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಹದಿನೈದು ಎಂದಿದ್ದರೆ ಮಾರನೆಯ ದಿನದಿಂದ ಒಂದೊಂದು ಬಾಗಿಲಲ್ಲೂ ಹಾಲಿನ ಜೊತೆ ಅದರ ಕಾರಣವನ್ನೂ ಅಳೆದು ಕೊಡಬೇಕಾಗಿತ್ತು.

“ಮೂವತ್ತು” ಎಂದೆ.

ಬಿ.ಎ. ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಪ್ರೊಫೆಸರ್ ಬಾಯಿ ತೆರೆದರು. ಅಷ್ಟರಲ್ಲಿ ಮುದುಕಿ ಅವರಿಗೆ ಕೈ ಮುಗಿದು, “ಮೋಸ ಇಲ್ಲ ಸಾಮಿ, ನ್ಯಾಯವಾಗೇ ಕೊಡ್ತೀರ” ಎಂದು ಒಳಗೆ ಹೋಗಿ ಕಾಫಿ ತಂದಳು. ಸುತ್ತ ನಿಂತವರೆಲ್ಲ ಅವರನ್ನೇ ನೋಡುತ್ತಿದ್ದರು. ಅವರು ತೆರೆದ ಬಾಯಲ್ಲೇ ಕಾಫಿ ಕುಡಿದರು.

ಶನಿವಾರ ಮತ್ತೆ ಹದಿನೈದರ ಲೆಕ್ಕವೇ ಬಂತು. ನಾನು ಕೈ ಚಾಚಲಿಲ್ಲ.

“ಮೂವತ್ತು ಅಂತ ನಾನು ಏಳ್ದಾಗ ನೀವು ಇಲ್ಲ ಅನ್ನಲಿಲ್ಲ ಸಾರ್” ಎಂದೆ. “ಈಗ ಇಲ್ಲ ಅನ್ನೋದಾದ್ರೆ ಬನ್ನಿ, ಆಯಮ್ಮನ ಮನೆ ಮುಂದೆ ನಿಂತ್ಕೊಂಡು ಅನ್ನಿ. ನಾನೇ ತಮಿಳಲ್ಲಿ ಏಳ್ತೀನಿ.”

ಪ್ರೊಫೆಸರ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಕೊಟ್ಟರು, ಹಿಂದಿನ ವಾರದ್ದನ್ನೂ ಸೇರಿಸಿ. ಆದರೆ ಕೂಲಿ ಎಂದು ಅಲ್ಲ. ಏಳನೇ ಕ್ಲಾಸಿನವನಿಗೆ ಮೂವತ್ತು ಎಂದು ಬರೆದರೆ ಲೆಕ್ಕವೇ ಕೆಡುತ್ತದಂತೆ. ಹದಿನೈದು ಕೂಲಿ, ಉಳಿದ ಹದಿನೈದು ಬಸ್ ಚಾರ್ಜು ಎಂದು ಬರೆಸಿದರು. ನಾನು ಬರುತ್ತಿದ್ದುದು ಸೈಕಲ್ಲಿನಲ್ಲಿ. ಎರಡು ಕಡೆಯೂ ಸಹಿ ಹಾಕಿದೆ, ಅಷ್ಟು ಓದಿದ್ದೆ. ಹೀಗಾಗಿ ಅವರ ಪುಸ್ತಕದಲ್ಲಿ ಓದಿಗೆ ತಕ್ಕ ಕೂಲಿ ಎಂಬ ಸಿದ್ಧಾಂತಕ್ಕೆ ಒಂದು ಗೀರೂ ಬಿದ್ದಿರಲಾರದು. ಓದದವರು ಬಸ್ಸಿನಲ್ಲಿ ವಿಪರೀತ ತಿರುಗುತ್ತಾರೆ ಎಂದು ಬೇಕಾದರೆ ಕೊನೆಯಲ್ಲಿ ಸೇರಿಸಿರಬಹುದು.

ಆ ಕೆಲಸ ಮುಗಿದ ಮೇಲೆ, ಬೇರೆಯವರು ಗೊತ್ತುಮಾಡುವ ಕೂಲಿಗೆ ನಾನು ಹೋಗಿಲ್ಲ. ಇನ್ನೊಬ್ಬರ ಸಂಬಳದ ಮಾತೆತ್ತಿದ ಮೇಲೆ ಲೈನಿನ ಪದ್ಧತಿಯಂತೆ ನನ್ನದನ್ನೂ ಹೇಳಬೇಕು: ಈಗ ನನಗಿರುವುದು ಒಂದೂವರೆ ಎಕರೆ ಹೊಲ, ಐದು ಸೀಮೆಹಸು, ತಾರಸಿ ಹಾಕಿಸಿದ ಮೂರು ಕೋಣೆಯ ಮನೆ, ಒಂದು ಮೊಪೆಡ್.